"ಕೊಬ್ಬು ಕರಗಿ ಬರ್ತಿದೆ" ಅಂದ್ರೆ ದಯವಿಟ್ಟು ನಂಬಬೇಡಿ

ಸಿಟ್ಟು ಇನ್ನೂ ಇಳಿದಿಲ್ಲ, ಹೇಳಿಕೊಳ್ಳೋಕೆ ನಾಚಿಕೆಯೂ ಆಗ್ತಿದೆ. ಆದರೂ ಬರೀತಿದ್ದೀನಿ. ಕೊಲೆಸ್ಟ್ರಾಲ್‌ಗೆ ಗಿಡಮೂಲಿಕೆ ಔಷಧಿ ತರಿಸೋಕೆ ಹೊರಟಿರೋರು ಓದಿ.

ಕೊಲೆಸ್ಟ್ರಾಲ್ ಇಳಿಸೋ ಸ್ಟಾಟಿನ್ ಮಾತ್ರೆಯಲ್ಲಿ ನನ್ನ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 94ಕ್ಕೆ ಇಳಿದಿತ್ತು. ಅಷ್ಟರಲ್ಲಿ ಮೀನಖಂಡ ನೋವು ಶುರುವಾಯ್ತು. ಡಾಕ್ಟರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಫೋನಿನಲ್ಲಿ ಔಷಧಿ ಮಾರುವವರೊಬ್ಬರಿಗೆ ಹೇಳಿದೆ. "ಇಂಗ್ಲಿಷ್ ಮಾತ್ರೆ ಇವತ್ತೇ ಬಿಡಿ ಸಾರ್, ಗುಗ್ಗುಲು ಕೊಡ್ತೀವಿ, ಮೂರು ತಿಂಗಳು ಸಾಕು, ಸೈಡ್ ಎಫೆಕ್ಟ್ ಅನ್ನೋದೇ ಇಲ್ಲ" ಅಂದ್ರು. ಬಿಟ್ಟೇಬಿಟ್ಟೆ.

ಮೂರು ತಿಂಗಳಿಗೆ ರಿಪೋರ್ಟ್: 171. ಗಾಬರಿಯಾಗಿ ಫೋನ್ ಮಾಡಿದೆ. "ಸಾರ್, ಇದು ಒಳ್ಳೇ ಲಕ್ಷಣ. ರಕ್ತನಾಳಕ್ಕೆ ಅಂಟಿದ್ದ ಕೊಬ್ಬು ಕರಗಿ ರಕ್ತಕ್ಕೆ ಬರ್ತಿದೆ, ಅದಕ್ಕೇ ಜಾಸ್ತಿ ತೋರಿಸ್ತಿದೆ." ಒಳ್ಳೇ ಲಕ್ಷಣವಂತೆ! ಎಷ್ಟು ಸಮಾಧಾನದ ದನಿ, ಎಷ್ಟು ಖಾತ್ರಿ. ನಂಬಿದೆ. ಫೋನ್ ಇಡೋ ಮೊದಲೇ ಇನ್ನೆರಡು ತಿಂಗಳ ಡಬ್ಬಿಗೆ ದುಡ್ಡು ಹಾಕಿದೆ. ಏರಿದ್ದನ್ನೇ ಗುಣ ಅಂತ ಮಾರಿದರು, ನಾನು ಕೊಂಡುಕೊಂಡೆ.

ಎರಡನೇ ರಿಪೋರ್ಟ್ 183. ಈ ಸಲ "ಪಥ್ಯ ಬಿಟ್ಟಿರ್ತೀರಿ" ಅಂದ್ರು. ಬಿಟ್ಟಿಲ್ಲ ಅಂದೆ. "ಹಾಗಾದ್ರೆ ಲ್ಯಾಬ್ ಬದಲಾಯಿಸಿ." ದುಡ್ಡು ವಾಪಸ್ ಕೇಳಿದೆ. "ನಂಬಿಕೆ ಇಲ್ಲದವರಿಗೆ ಔಷಧಿ ಹತ್ತಲ್ಲ." ಆಮೇಲೆ ನನ್ನ ನಂಬರ್ ಬ್ಲಾಕ್.

ಡಾಕ್ಟರು ಬೈಯಲಿಲ್ಲ, ಅದೇ ಇನ್ನೂ ಚುಚ್ಚಿತು. ಸ್ಟಾಟಿನ್ ಲಿವರ್‌ನಲ್ಲಿ ಕೊಲೆಸ್ಟ್ರಾಲ್ ತಯಾರಾಗೋದನ್ನ ತಡೆಯುತ್ತೆ, ನಿಲ್ಲಿಸಿದರೆ ಕೆಲವೇ ವಾರದಲ್ಲಿ ಎಲ್‌ಡಿಎಲ್ ಹಳೇ ಮಟ್ಟಕ್ಕೆ ಹೋಗುತ್ತೆ, ಕರಗೋದು ಗಿರಗೋದು ಏನಿಲ್ಲ ಅಂದರು. ಗುಗ್ಗುಲು ಸಾರದ ಮೇಲೆ ಅಮೆರಿಕದಲ್ಲಿ ಮಾಡಿದ 8 ವಾರಗಳ ಪ್ರಯೋಗದ ಫಲಿತಾಂಶ 2003ರಲ್ಲೇ ಬಂದಿದೆ. ಎಲ್‌ಡಿಎಲ್ ಇಳಿದಿರಲಿಲ್ಲ, ಸ್ವಲ್ಪ ಏರಿತ್ತು. ಕೆಲವರಿಗೆ ಮೈಮೇಲೆ ದದ್ದು ಎದ್ದಿತ್ತು. ಸೈಡ್ ಎಫೆಕ್ಟ್ ಇಲ್ಲವಂತೆ! ನನ್ನ ಕಾಲು ನೋವಿಗೆ ಡಾಕ್ಟರು ಒಂದು ರಕ್ತ ಪರೀಕ್ಷೆ ಮಾಡಿಸಿ, ಬೇರೆ ಸ್ಟಾಟಿನ್ ಕಡಿಮೆ ಡೋಸಿನಲ್ಲಿ ಕೊಟ್ಟರು. ಇಷ್ಟೇ ಆಗಬೇಕಿದ್ದ ಕೆಲಸ. ಐದು ತಿಂಗಳು ಕಳೆದುಕೊಂಡೆ. ಕೊಲೆಸ್ಟ್ರಾಲ್ ಏರಿದರೆ ಎಲ್ಲೂ ನೋವಾಗಲ್ಲ, ರಿಪೋರ್ಟ್ ನೋಡದಿದ್ದರೆ ಇವತ್ತಿಗೂ ಅದನ್ನೇ ನುಂಗುತ್ತಿದ್ದೆ.

ಡಬ್ಬಿ ಮೇಲೆ ಏನೇನಿದೆ ಓದಿ, ಡಾಕ್ಟರಿಗೆ ತೋರಿಸಿ. ಕೆಂಪು ಯೀಸ್ಟ್ ಅಕ್ಕಿ ಅಂತ ಇದ್ದರಂತೂ ತೋರಿಸಲೇಬೇಕು. ಅದರಲ್ಲಿರೋ ಮೊನಾಕೊಲಿನ್ ಕೆ ಅಂದ್ರೆ ಲೋವಾಸ್ಟಾಟಿನ್ನೇ, ಮಾತ್ರೆ ಜೊತೆ ತಗೊಂಡರೆ ಎರಡು ಸ್ಟಾಟಿನ್ ನುಂಗಿದ ಹಾಗೆ. ನಿಮಗೂ ಯಾರಾದರೂ "ಕರಗಿ ಬರ್ತಿದೆ" ಅಂದಿದ್ದರೆ ಇನ್ನೊಂದು ಡಬ್ಬಿ ತರಿಸಬೇಡಿ, ಆ ರಿಪೋರ್ಟ್ ಹಿಡಿದು ಡಾಕ್ಟರ ಹತ್ತಿರ ಹೋಗಿ.