ಎಕ್ಸ್‌ಟಿ250 ಅಥವಾ ಸಿಆರ್‌ಎಫ್300ಎಲ್: ಯಾವುದು ನಿಮಗೆ?

ಎರಡೂ ಡಾಂಬರು ರಸ್ತೆಗೂ ಕಾಡುದಾರಿಗೂ ಆಗುವ ಬೈಕ್‌ಗಳು. ಮೊದಲು ಸೀಟಿನ ಮೇಲೆ ಕೂತು ನೋಡಿ. ಯಮಹಾ ಎಕ್ಸ್‌ಟಿ250ರ ಸೀಟು 810 ಮಿ.ಮೀ. ಎತ್ತರ, ಹೋಂಡಾ ಸಿಆರ್‌ಎಫ್300ಎಲ್‌ನದು 880. ಏಳು ಸೆಂಟಿಮೀಟರ್ ತಾನೇ ಅನ್ನಿಸುತ್ತದೆ, ಅಲ್ವಾ? ಕಲ್ಲು ತುಂಬಿದ ಏರಿನಲ್ಲಿ ಬೈಕ್ ಆಫ್ ಆಗಿ, ಎಡಗಾಲು ಇಡಲು ಹೋದ ಕಡೆ ತಗ್ಗು ಇದ್ದರೆ ಅದರ ಬೆಲೆ ಗೊತ್ತಾಗುತ್ತದೆ. ಬಿದ್ದ ಬೈಕ್ ಎತ್ತುವಾಗಲೂ ಅಷ್ಟೇ: ಯಮಹಾ 132 ಕೆ.ಜಿ., ಹೋಂಡಾ ಹತ್ತಿರ ಹತ್ತಿರ 140.

ಯಮಹಾದ್ದು 249 ಸಿಸಿಯ ಸಾಧು ಎಂಜಿನ್. ಏರ್ ಕೂಲ್ಡ್, ಅಂದರೆ ಗಾಳಿಯಿಂದಲೇ ತಣ್ಣಗಾಗುವಂಥದ್ದು; ಐದು ಗೇರ್. ರೇಡಿಯೇಟರ್ರೇ ಇಲ್ಲ, ಬಿದ್ದಾಗ ಒಡೆಯುವ ಭಯವೂ ಇಲ್ಲ. ಹೆದ್ದಾರಿಯಲ್ಲಿ ಮಾತ್ರ ಬೇಗ ಏದುಸಿರು ಬಿಡುತ್ತದೆ. ಅಲ್ಲಿ ಹೋಂಡಾದ 286 ಸಿಸಿ ಲಿಕ್ವಿಡ್ ಕೂಲ್ಡ್ ಎಂಜಿನ್ ಮತ್ತು ಆರನೇ ಗೇರ್ ಕೈ ಹಿಡಿಯುತ್ತವೆ. ಕ್ಲಚ್ ಕೂಡ ಎಷ್ಟು ಹಗುರ ಅಂದರೆ ಎರಡು ಬೆರಳು ಸಾಕು.

ಆರಾಮದ ಲೆಕ್ಕ ಅಷ್ಟು ನೇರವಲ್ಲ. ಹೋಂಡಾದ ಸಸ್ಪೆನ್ಷನ್ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 260 ಮಿ.ಮೀ. ಮೇಲೆ ಕೆಳಗೆ ಆಡುತ್ತದೆ, ಗುಂಡಿಗಳನ್ನು ಸುಮ್ನೆ ನುಂಗಿಕೊಳ್ಳುತ್ತದೆ. ಆದರೆ ಸ್ಪ್ರಿಂಗ್ ಮೆತ್ತಗೆ. ಸವಾರ ದಪ್ಪಗಿದ್ದು ಮೇಲೆ ಲಗೇಜೂ ಕಟ್ಟಿದರೆ ಹಿಂಭಾಗ ಕುಸಿದು ಕೂರುತ್ತದೆ. ಸೀಟೂ ಕಿರಿದು. ಯಮಹಾದ ಸೀಟು ಅಗಲ, ಮೆದು.

ಕಾಡುದಾರಿಯಲ್ಲಿ ನಿಧಾನವಾಗಿ ಸುತ್ತುವವರಿಗೆ, ಹೊಸದಾಗಿ ಕಲಿಯುವವರಿಗೆ ನಾನು ಯಮಹಾ ಅನ್ನುತ್ತೇನೆ. ದಿನಾ ಹೆದ್ದಾರಿ ಹಿಡಿಯಬೇಕಾದವರಿಗೆ, ಕಾಲು ಉದ್ದ ಇದ್ದವರಿಗೆ ಹೋಂಡಾ. ಆದರೆ ಹೋಂಡಾದ ಪೆಟ್ರೋಲ್ ಟ್ಯಾಂಕ್ ಬರೀ 7.8 ಲೀಟರ್. ಯಮಹಾದ್ದು ಎರಡು ಲೀಟರ್ ಜಾಸ್ತಿ.