ಬೋರ್ಡೋನಾ, ಬರ್ಗಂಡಿನಾ, ರೋನಾ?

ಫ್ರಾನ್ಸಿನ ಈ ಮೂರು ಕೆಂಪು ವೈನ್‌ಗಳಲ್ಲಿ ಯಾವುದು ಅಂತ ಕೇಳಿದ್ದೀರಿ. ಜೇಬು ಹಗುರವಿದ್ದರೆ ರೋನ್ ಕಡೆಯ ಕೋತ್ ದು ರೋನ್: ಗ್ರೆನಾಶ್ ದ್ರಾಕ್ಷಿ ಮುಂದೆ, ಸಿರಾ, ಮೂರ್ವೆದ್ರ್ ತಳಿಗಳು ಜೊತೆಗೆ. ಕಾಳುಮೆಣಸಿನ ಘಮ, ಮಟನ್ನಿಗೆ ಹೊಂದುತ್ತೆ.

ವರ್ಷಗಟ್ಟಲೆ ಇಡುವುದಾದರೆ ಬೋರ್ಡೋ. ಅಲ್ಲೂ ನದಿಯ ಯಾವ ದಂಡೆಯದು ಅಂತ ನೋಡಿ. ಎಡದಂಡೆ ಮೆದೋಕ್‌ನ ಗರಸು ನೆಲದಲ್ಲಿ ಕ್ಯಾಬರ್ನೆ ಸೊವಿನ್ಯೋನ್‌ನದೇ ದರ್ಬಾರು. ಎಳೆಯದನ್ನು ಕುಡಿದರೆ ಹಸಿ ಅಡಿಕೆ ಜಗಿದಂಥ ಒಗರು. ಬಲದಂಡೆಯ ಪೊಮೆರೋಲ್‌ನಲ್ಲಿ ಮೆರ್ಲೋ ಹೆಚ್ಚು. ಮೆತ್ತಗೆ, ಬೇಗ ಹದಕ್ಕೆ ಬರುತ್ತೆ. ಎರಡೂ ಕಡೆ ಸಾಮಾನ್ಯವಾಗಿ ತಳಿಗಳನ್ನು ಬೆರೆಸುತ್ತಾರೆ; ಹವಾಮಾನ ಒಂದು ತಳಿಯನ್ನು ಕೆಡಿಸಿದರೆ ಇನ್ನೊಂದು ಕಾಯಲಿ ಅನ್ನೋದೂ ಈ ಬೆರಕೆಯ ಲೆಕ್ಕಾಚಾರ.

ಬರ್ಗಂಡಿಯ ಕೆಂಪಿಗೆ ಆ ಆಸರೆಯಿಲ್ಲ, ಬಹುಮಟ್ಟಿಗೆ ಪಿನೋ ನ್ವಾರ್ ತಳಿ ಒಂದೇ. ಸಿಪ್ಪೆ ತೆಳು, ಬಣ್ಣ ತಿಳಿ, ಬೆಲೆ ಮಾತ್ರ ದಪ್ಪ! ಅಣಬೆ ಊಟ, ನಿಧಾನಕ್ಕೆ ಗುಟುಕರಿಸುವ ಇಬ್ಬರಿದ್ದರೆ ಸರಿ. ಹತ್ತು ಜನರ ಪಾರ್ಟಿಗೆ ಒಯ್ದರೆ ದುಡ್ಡು ದಂಡ.