ಕ್ಲಿನಿಕ್‌ನ್ಯಾಗ ವೈರಲ್ ಲೋಡ್ ಮಷಿನ್: ದಿನಾ ನಡಸಾವನ ಅನಿಸಿಕಿ

ನಾ ಡಾಕ್ಟರ್ ಅಲ್ಲ, ಜತ್ತ ತಾಲೂಕಿನ್ಯಾಗ ಒಂದ್ ಸಣ್ಣ ಟ್ರಸ್ಟ್ ದವಾಖಾನಿ ಲ್ಯಾಬ್ ಟೆಕ್ನಿಶಿಯನ್. ಎಚ್‌ಐವಿ ಇದ್ದವ್ರ ರಕ್ತದಾಗ ವೈರಸ್ ಎಷ್ಟೈತಿ (ಇದಕ್ಕ ವೈರಲ್ ಲೋಡ್ ಅಂತಾರ) ಅಂತ ಎಣಸೋ ಈ ಮಷಿನ್ ಬಂದು ಮೂರು ವರ್ಷದ ಮ್ಯಾಲಾತು, ಅಥಣಿ, ವಿಜಾಪುರ ಕಡೆ ಲ್ಯಾಬ್‌ನವ್ರು "ಹೆಂಗೈತಿ, ತಗೋಬೇಕಾ" ಅಂತ ಕೇಳತಿರ್ತಾರ, ಅದಕ್ಕ ಬರಿಯಾಕತ್ತೀನಿ.

ಟಿಬಿ ಟೆಸ್ಟಿನ ಸಿಬಿನ್ಯಾಟ್ ಮಷಿನ್ ಅಂತಾರಲ್ಲ, ಅದೇ ಜಾತಿದು, ಕಾರ್ಟ್ರಿಜ್ (ಸ್ಯಾಂಪಲ್ ಹಾಕೋ, ಒಂದೇ ಸಲ ಬಳಸೋ ಡಬ್ಬಿ) ಬ್ಯಾರೆ ಅಷ್ಟ. 90 ನಿಮಿಷಕ್ಕ ರಿಪೋರ್ಟ್ ಅಂತಾರ, ಖರೆ ಐತಿ, ಆದ್ರ ಅದು ಕಾರ್ಟ್ರಿಜ್ ಒಳಗ ಹೋದ ಮ್ಯಾಲಿನ ಲೆಕ್ಕ. ಬೆರಳು ಚುಚ್ಚಿ ಒಂದ್ ಹನಿ ಹಾಕಿದ್ರ ಸಾಕು ಅನ್ಕೊಂಡವ್ರು ಭಾಳ ಮಂದಿ ಅದಾರ, ಅಲ್ಲ, ರಟ್ಟಿಯಿಂದ ರಕ್ತ ತಗದು ಹೆಪ್ಪುಗಟ್ಟದಂಗ ಇಡಿಟಿಎ ಟ್ಯೂಬಿಗೆ ಹಾಕಿ ಸೆಂಟ್ರಿಫ್ಯೂಜ್‌ನ್ಯಾಗ ತಿರುಗಿಸಿ, ಮಜ್ಜಿಗಿ ಮ್ಯಾಲಿನ ತಿಳಿ ತಗದಂಗ ಕೆಳಗಿನ ಕೆಂಪು ಅಲುಗದಂಗ ಪಿಪೆಟ್‌ಲೆ 1 ಎಂಎಲ್ ಪ್ಲಾಸ್ಮಾ ಎತ್ತಬೇಕು. ನಮ್ಮಲ್ಲಿ ನಾಕು ಮಾಡ್ಯೂಲ್ (ಕಾರ್ಟ್ರಿಜ್ ಇಡೋ ಖಾನೆ) ಅದಾವ, ಒಂದೇ ಸಲಕ್ಕ ನಾಕೇ ಮಂದಿದು, ಐದನೇದಾವ ಕಾಯಬೇಕು. ದೊಡ್ಡ ಲ್ಯಾಬಿನ ಮಷಿನ್ ಒಂದೇ ಸಲಕ್ಕ 90ರ ಮ್ಯಾಲೆ ಸ್ಯಾಂಪಲ್ ನುಂಗತೈತಿ, ಅದರ ಜೋಡಿ ಇದನ್ನ ಹೋಲಿಸಬ್ಯಾಡ್ರಿ.

ಅಳತಿ ಬಗ್ಗೆ ತಕರಾರಿಲ್ಲ. ಒಂದ್ ಎಂಎಲ್‌ಗೆ 40 ಕಾಪಿಯಿಂದ (ಕಾಪಿ ಅಂದ್ರ ವೈರಸ್ಸಿನ ಎಣಿಕಿ) 1 ಕೋಟಿತನಕ ಎಣಸತೈತಿ, ನಮಗ ಬೇಕಾದ್ದು 1000ದ ಗಡಿ. ಅದರ ಮ್ಯಾಲೆ ಬಂದ್ರ ಗುಳಿಗಿ ಸರಿಯಾಗಿ ತಗೊಳ್ಳಾಕತ್ತಾರಿಲ್ಲೋ ಅಂತ ಕೌನ್ಸೆಲಿಂಗ್, ಮೂರು ತಿಂಗಳಿಗೆ ಮತ್ತ ಟೆಸ್ಟ್, ಆಗೂ ಮ್ಯಾಲೇ ಇದ್ರ ಔಷಧಿ ಬದಲಿ ಮಾಡೋ ವಿಚಾರ. ಇಲ್ಲೇ ನೋಡ್ರಿ ಮಷಿನ್ನಿನ ಖರೆ ಉಪಯೋಗ. ನಮ್ಮ ಕಡೆ ದೀಪಾವಳಿ ಹೊತ್ತಿಗೆ ಮುಕಾದಮ್ (ಕೂಲಿ ಗುತ್ತಿಗಿದಾರ) ಹಿಂದ ಕಬ್ಬು ಕಡಿಯಾಕ ಹೋದಾವ ಬ್ಯಾಸಗಿಗೇ ತಿರುಗಿ ಬರೋದು, ಮೊದಲ ಹೊರಗಿನ ಲ್ಯಾಬಿಂದ ಅವನ ರಿಪೋರ್ಟ್ ಬರೂದ್ರಾಗ ಅವ ಯಾವ ಕಾರ್ಖಾನಿ ಗದ್ದ್ಯಾಗ ಇರ್ತಿದ್ನೋ, ಫೋನ್ ನಂಬರೂ ಬದಲಾಗಿರ್ತಿತ್ತು. ಈಗ ಅವತ್ತೇ ಕುಂಡ್ರಿಸಿ ಮಾತಾಡತೀವಿ.

ಆದ್ರ ಮಾತಾಡೋರು ಇರಬೇಕಲ್ಲ! ನಮ್ಮ ಕೌನ್ಸೆಲರ್ ಅಕ್ಕಾರು ಮಧ್ಯಾಹ್ನದ ಎಸ್ಟಿ ಬಸ್ ಹಿಡಿದು ಹೋಗೋ ದಿನ ರಿಪೋರ್ಟ್ 2 ಗಂಟೆಕ್ಕ ಬಂದ್ರೇನು, ನಾಳೆ ಬಂದ್ರೇನು. ದಕ್ಷಿಣ ಆಫ್ರಿಕಾದ ಡರ್ಬನ್‌ನ್ಯಾಗ ಸ್ಟ್ರೀಮ್ ಅಂತ ಒಂದು ಟ್ರಯಲ್ ಮಾಡ್ಯಾರ, 390 ಮಂದಿ, ಒಂದ್ ವರ್ಷ. ಕ್ಲಿನಿಕ್ಕಿನ್ಯಾಗ ಅವತ್ತೇ ಟೆಸ್ಟ್ ಮಾಡಿಸ್ಕೊಂಡವ್ರೊಳಗ 89.7% ಮಂದಿ ಚಿಕಿತ್ಸಾ ಬಿಡದ, ವೈರಸ್ಸೂ ಹತೋಟ್ಯಾಗ ಇದ್ರು, ಲ್ಯಾಬಿಗೆ ಕಳಿಸಿದವ್ರೊಳಗ 75.9%. ಮಾರಾಕ ಬರೋರು ಈ ಅಂಕಿ ತೋರಿಸ್ತಾರ, ಆದ್ರ ಅಲ್ಲಿ ಮಷಿನ್ ಜೋಡಿ ನರ್ಸ್‌ಗಳಿಗೆ ರೋಗಿನ್ನ ನೋಡಿಕೊಳ್ಳೋ ಜವಾಬ್ದಾರಿನೂ ಕೊಟ್ಟಿದ್ರು ಅನ್ನೋದು ಹೇಳಂಗಿಲ್ಲ.

ಇನ್ನೊಂದು, ಇದನ್ನ ಯಾರೂ ಮೊದಲ ಲೆಕ್ಕಕ್ಕ ಹಿಡಿಯಂಗಿಲ್ಲ. ಎಲ್ಲಾ ಸೇರಿ ಎರಡೂವರಿ ತಾಸು ಕುಂಡ್ರಬೇಕು. ಸಣ್ಣ ಊರು, ಎದುರಿಗೆ ಚಹಾದಂಗಡಿ, ಬೀಗರು ನೆಂಟರು ಎಲ್ಲಾರೂ ಅದೇ ದಾರಿ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಯಾರಿಗೆ ಎಚ್‌ಐವಿ ಐತಿ ಅನ್ನೋದನ್ನ ಹೊರಗ ಬಿಡಂಗಿಲ್ಲ, ಆದ್ರ ಅಷ್ಟೊತ್ತು ಆ ಬೆಂಚಿನ ಮ್ಯಾಲೆ ಕುಂತ್ರ ಹೇಳೋದೇನ್ ಉಳೀತು? ಒಬ್ಬಾಕಿ ತಾಯಿ ಸೆರಗು ಮುಖಕ್ಕ ಎಳಕೊಂಡು "ಅಣ್ಣಾ, ರಕ್ತ ಕೊಟ್ಟ ಹೋಗತೀನಿ, ಫೋನಿಗೆ ಹೇಳ್ರಿ" ಅಂದ್ಳು, ಅವತ್ತಿಂದ ಶುಗರ್ ಪೇಷಂಟ್ ಜೋಡಿ ಒಂದೇ ಸಾಲಿನ್ಯಾಗ ಕುಂಡ್ರಸತೀವಿ, ಬೇಕಾದವ್ರಿಗೆ ಫೋನ್.

ಕರೆಂಟು. ರನ್ ನಡಬರಕ ನಿಂತ್ರ ಕಾರ್ಟ್ರಿಜ್ ಹೋತು, ಮತ್ತ ಹಚ್ಚಾಕ ಬರಂಗಿಲ್ಲ, ಹಂಗಾಗಿ ಪೂರಾ ರನ್ ತಡಿಯೋ ಯುಪಿಎಸ್ ಇಲ್ಲದ ಶುರು ಮಾಡಬ್ಯಾಡ್ರಿ. ಖೋಲಿ 30 ಡಿಗ್ರಿ ದಾಟಬಾರದು, ನಮ್ಮ ಏಪ್ರಿಲ್ ನಿಮಗ ಗೊತ್ತೈತಿ, ಎಸಿ ಬಿಲ್ಲೂ ಹಿಡೀರಿ.

ನಿಮ್ಮ ಸ್ಯಾಂಪಲ್ ಹೊರಗ ಹೋಗಿ ವಾರದಾಗ ರಿಪೋರ್ಟ್ ಬರತಿದ್ರ ಈ ಮಷಿನ್ ಬಿಡ್ರಿ, ಆ ರೊಕ್ಕದಾಗ ಇನ್ನೊಬ್ಬ ಕೌನ್ಸೆಲರ್ ಇಟ್ಕೋರಿ. ತಿಂಗಳಾನುಗಟ್ಟಲೆ ಆಗತಿದ್ರ ತಗೋರಿ, ಆದ್ರ ವರ್ಷದ ಸಾದಾ ಟೆಸ್ಟಿಗೆ ಕಾರ್ಟ್ರಿಜ್ ಕಳೀಬ್ಯಾಡ್ರಿ, ಬಸುರಿ ಹೆಣ್ಮಕ್ಕಳು, ಸಣ್ಣ ಹುಡುಗ್ರು, ಹಿಂದಿನ ಸಲ 1000 ದಾಟಿದವ್ರು, ಇವ್ರಿಗೆ ಮೊದಲ. ಬಸುರಿಗೆ 32 ವಾರ ಆದ ಮ್ಯಾಲೆ ಬರೋ ರಿಪೋರ್ಟ್ ನೋಡೇ ಕೂಸಿಗೆ ಎಚ್‌ಐವಿ ತಗಲದಂಗ ಯಾವ ಔಷಧಿ ಅಂತ ಠರಾಸ್ತಾರ, ಅದು ಹೆರಿಗಿ ಆದ ಮ್ಯಾಲೆ ಕೈಗೆ ಬಂದ್ರ ಏನ್ ಮಾಡೋದು? ತಗೊಳ್ಳೋ ಮೊದಲ ಸರ್ವಿಸ್ ಎಂಜಿನಿಯರ್ ಯಾವ ಊರಾಗ ಇರ್ತಾರ, ಎಷ್ಟು ದಿನಕ್ಕ ಬರ್ತಾರ ಅನ್ನೋದನ್ನ ಕಾಗದದ ಮ್ಯಾಲೆ ಬರಸ್ಕೋರಿ.